ಹೊಯ್ಸಳರ ಹನ್ನೊಂದು ಮಂದಿ

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸದ ಪಾಠ ಹೇಳಿ ನಿವೃತ್ತನಾದ ನನಗೆ ಕಾಲ್ಚೆಂಡಿನ ತಂಡವೊಂದರ ಯಜಮಾನಿಕೆ ಒದಗಿ ಬಂದೀತೆಂದು ಯಾವ ಜೋಯಿಸರೂ ಹೇಳಿರಲಿಲ್ಲ. ಆಟಗಾರರು ಆಡುವುದು ಇಂಗ್ಲೆಂಡಿನಲ್ಲಿ, ತಂಡ ಇರುವುದು ಫೋನಿನಲ್ಲಿ, ಯಜಮಾನ ಇರುವುದು ಬೆಂಗಳೂರಿನ ಬಸವನಗುಡಿಯಲ್ಲಿ. ಈ ಮೂರನ್ನೂ ಗಂಟುಹಾಕಿದವನು ನನ್ನ ತಂಗಿಯ ಮಗ. ನಮ್ಮ ಬಳಗದ ಎಂಟು ಮನೆಯವರು ಸೇರಿ 2024ರ ಆಗಸ್ಟ್ ತಿಂಗಳಲ್ಲಿ ಒಂದು ಫ್ಯಾಂಟಸಿ ಲೀಗ್ ಮಾಡಿಕೊಂಡರು. ಏಳು ಮಂದಿ ಸಿಕ್ಕಿದ್ದರು, ಎಂಟನೆಯವರು ಬೇಕಾಗಿತ್ತು. ಎಂಟನೆಯವನು ನಾನಾದೆ.

ಈ ಆಟವನ್ನು ಅರಿಯದ ಓದುಗರಿಗಾಗಿ ಎರಡು ಮಾತು. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ನಿಜವಾಗಿ ಆಡುವವರ ಪೈಕಿ ಹದಿನೈದು ಮಂದಿಯನ್ನು ನಾವು ಆರಿಸಬೇಕು: ಇಬ್ಬರು ಗೋಲ್‌ಕೀಪರುಗಳು, ಐವರು ರಕ್ಷಣೆಯವರು, ಐವರು ಮಧ್ಯದವರು, ಮೂವರು ಮುಂದಾಳುಗಳು. ಕೈಯಲ್ಲಿರುವ ಗಂಟು ಹತ್ತು ಕೋಟಿ ಪೌಂಡು. ಹೆದರಬೇಡಿ, ಅದು ಬರಿಯ ಲೆಕ್ಕದ ದುಡ್ಡು. ಒಂದೇ ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಜನರನ್ನು ತೆಗೆದುಕೊಳ್ಳುವಂತಿಲ್ಲ. ಹದಿನೈದರಲ್ಲಿ ಹನ್ನೊಂದು ಮಂದಿ ಕಣಕ್ಕೆ, ನಾಲ್ವರು ಬೆಂಚಿಗೆ. ಒಬ್ಬನನ್ನು ನಾಯಕನೆಂದು ಹೆಸರಿಸಿದರೆ ಅವನ ಅಂಕ ಇಮ್ಮಡಿ. ವಾರಕ್ಕೊಬ್ಬನನ್ನು ಬಿಟ್ಟು ಮತ್ತೊಬ್ಬನನ್ನು ಪುಕ್ಕಟೆಯಾಗಿ ತರಬಹುದು. ಕೂಡಿಟ್ಟ ಬದಲಾವಣೆಗಳು ಮುಗಿದ ಮೇಲೂ ಆಸೆ ತೀರದಿದ್ದರೆ ತಲೆಗೆ ನಾಲ್ಕು ಅಂಕ ದಂಡ. ಅಲ್ಲಿ ಅವರು ಚೆನ್ನಾಗಿ ಆಡಿದರೆ ಇಲ್ಲಿ ನಮಗೆ ಅಂಕ.

ನಾನು ತಂಡ ಕಟ್ಟಿದ್ದು ಮೇಷ್ಟ್ರ ರೀತಿಯಲ್ಲಿ. ತರಗತಿಗೆ ಮೊದಲಿಗರು ಯಾರೆಂದು ವಿಚಾರಿಸಿ ಅವರನ್ನೇ ಹಿಡಿದೆ. ಆ ವರ್ಷ ಎಲ್ಲರಿಗಿಂತ ದುಬಾರಿಯಾಗಿದ್ದವನು ನಾರ್ವೆ ದೇಶದ ಹಾಲಂಡ್. ಅವನೊಬ್ಬನಿಗೇ ಒಂದೂವರೆ ಕೋಟಿ ತೆತ್ತೆ. ಅವನ ಸಾಲಿಗೆ ಇನ್ನಿಬ್ಬರು ದೊಡ್ಡವರು. ಉಳಿದ ಚಿಲ್ಲರೆಯಲ್ಲಿ ಬೆಂಚನ್ನು ತುಂಬಿಸಿದೆ. ತಂಗಿಯ ಮಗ ನೋಡಿ, “ಮಾವ, ಮೂರು ಜನ ಮದುವೆ ಗಂಡುಗಳು, ಮಿಕ್ಕವರೆಲ್ಲ ಚಪ್ಪರದ ಕಂಬಗಳು. ಹೀಗಾದರೆ ನಡೆಯಲ್ಲ,” ಎಂದ. ನಾನು ಕೇಳಲಿಲ್ಲ. ಜನವರಿಯ ಒಂದು ವಾರ ದೊಡ್ಡವರಲ್ಲಿ ಇಬ್ಬರು ಕಣಕ್ಕೆ ಇಳಿಯಲಿಲ್ಲ. ಅವರ ಬದಲಿಗೆ ಬೆಂಚಿನವರು ಬರಬೇಕು. ನನ್ನ ಬೆಂಚಿನವರೋ, ತಮ್ಮ ತಮ್ಮ ಕ್ಲಬ್ಬಿನಲ್ಲೂ ಬೆಂಚಿನವರೇ. ಎಂಟು ಮನೆಗಳಲ್ಲಿ ನಮ್ಮ ಮನೆ ಎಂಟನೆಯದಾಯಿತು.

ಈ ಕಲ್ಪನೆಯ ಯಜಮಾನಿಕೆ ಇಂದಿನದಲ್ಲ. 1962ರಲ್ಲಿ ಅಮೆರಿಕದ ಓಕ್‌ಲೆಂಡ್ ರೈಡರ್ಸ್ ತಂಡದ ಪಾಲುದಾರರಲ್ಲೊಬ್ಬನಾದ ಬಿಲ್ ವಿಂಕೆನ್‌ಬಾಕ್ ಎಂಬಾತ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಕುಳಿತು, ಪತ್ರಿಕೆಯವರೊಡನೆ ಸೇರಿ ಇದರ ನಿಯಮಗಳನ್ನು ಬರೆದ. ಮರುವರ್ಷ ಎಂಟು ತಂಡದವರು ಅವನ ಮನೆಯಲ್ಲಿ ಕೂಡಿ ಸರದಿಯ ಮೇಲೆ ಆಟಗಾರರನ್ನು ಆರಿಸಿಕೊಂಡರು. ಅದು ಅಮೆರಿಕದ ಫುಟ್‌ಬಾಲು, ನಮ್ಮ ಕಾಲ್ಚೆಂಡಲ್ಲ. ಅವರ ಪದ್ಧತಿಗೂ ನಮ್ಮ ಪದ್ಧತಿಗೂ ಮುಖ್ಯವಾದ ಒಂದು ಭೇದವುಂಟು. ನಮ್ಮಲ್ಲಿ ಒಬ್ಬನೇ ಆಟಗಾರ ಎಂಟು ಮನೆಗಳ ತಂಡದಲ್ಲೂ ಇರಬಹುದು. ಅಲ್ಲಿ ಹಾಗಿಲ್ಲ; ಒಬ್ಬ ಯಜಮಾನ ಆರಿಸಿದವನು ಮತ್ತೊಬ್ಬನಿಗೆ ದಕ್ಕುವುದಿಲ್ಲ. ಬೇಕೆಂದರೆ ನಿನ್ನವನನ್ನು ಕೊಡು, ನನ್ನವನನ್ನು ಕೊಡುತ್ತೇನೆ ಎಂದು ಚೌಕಾಶಿ ಮಾಡಬೇಕು. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ನಮ್ಮ ದೇಶದಲ್ಲಿ ಇಂಥ ಆಟಗಳಿಗೆ ಹಣ ಕಟ್ಟುವ ಚಾಳಿ ಬೆಳೆದು ಮನೆಗಳು ಮುರಿದುದೂ, ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದುದೂ ಎಲ್ಲರಿಗೂ ಗೊತ್ತು. ನಮ್ಮದರಲ್ಲಿ ಕಾಸಿನ ಮಾತಿರಲಿಲ್ಲ, ಹೋಗುವುದೇನಿದ್ದರೂ ಮಾನ.

ಹೋದ ಮಾನವನ್ನು ಹೊತ್ತುಕೊಂಡು 2025ರ ಫೆಬ್ರವರಿಯ ಆರಂಭದಲ್ಲಿ ಅರಸೀಕೆರೆಯ ರೈಲು ಹತ್ತಿದೆ. ನೆಂಟರ ಮನೆಯಲ್ಲಿ ಭಾನುವಾರ ಗೃಹಪ್ರವೇಶ; ಶನಿವಾರ ಬೇಲೂರು ಹಳೇಬೀಡು ನೋಡುವುದೆಂದು ಸೋದರಳಿಯನೂ ಜೊತೆಗೆ ಬಂದ. ಆ ವಾರದ ತಂಡವನ್ನು ಸಲ್ಲಿಸಲು ಶನಿವಾರ ಸಂಜೆ ನಾಲ್ಕೂವರೆ ಗಡುವು. ಫೋನನ್ನು ಅವನು ದೇವರ ಪ್ರಸಾದದಂತೆ ಕೈಯಲ್ಲೇ ಹಿಡಿದಿದ್ದ.

ಅರಸೀಕೆರೆಯೆಂದರೆ ಅನೇಕರಿಗೆ ರೈಲು ಬದಲಾಯಿಸುವ ಜಂಕ್ಷನ್ನು, ಇಲ್ಲವೆ ಕೊಬ್ಬರಿಯ ಮಾರುಕಟ್ಟೆ. ಆದರೆ ಇಲ್ಲಿಯ ಈಶ್ವರ ದೇವಾಲಯದ ಮುಂಭಾಗದಲ್ಲಿ ನಕ್ಷತ್ರಾಕಾರದ ಮಂಟಪವೊಂದಿದೆ. ಹೊಯ್ಸಳರ ಗುಡಿಗಳಲ್ಲೇ ಅಪರೂಪದ್ದು, ಸುಮಾರು 1220ರದು. ಅದೇ ಊರಿನಲ್ಲಿ ಅದೇ 1220ರಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದವನು ರೇಚರಸ. ಈ ರೇಚರಸ ಮೊದಲು ಕಳಚುರಿ ಅರಸರ ದಂಡನಾಯಕ. ಆ ರಾಜ್ಯ ಮುಳುಗಿದ ಮೇಲೆ ಹೊಯ್ಸಳ ಇಮ್ಮಡಿ ಬಲ್ಲಾಳನ ಆಶ್ರಯಕ್ಕೆ ಬಂದವನು. ಇದನ್ನು ಬೆಳಿಗ್ಗೆ ಹೇಳಿದಾಗ ಸೋದರಳಿಯ ಫೋನಿನಿಂದ ತಲೆಯೆತ್ತಿ, “ಅಂದರೆ ಟ್ರಾನ್ಸ್‌ಫರ್!” ಎಂದ. ಮೂವತ್ತು ವರ್ಷದ ಪಾಠದಲ್ಲಿ ನನಗೆ ಹೊಳೆಯದಿದ್ದ ಮಾತು. ನಗುತ್ತ ಕಾರು ಹತ್ತಿದೆವು. ಜಾವಗಲ್ಲು, ಹಳೇಬೀಡುಗಳನ್ನು ಹಿಂದಿರುಗುವಾಗ ನೋಡೋಣವೆಂದು ದಾಟಿ ನೇರವಾಗಿ ಬೇಲೂರಿಗೆ ಹೋದೆವು.

ಬೇಲೂರಿನಲ್ಲಿ ಚೆನ್ನಕೇಶವನ ದರ್ಶನ ಮಾಡಿ ಕಪ್ಪೆ ಚೆನ್ನಿಗರಾಯನ ಗುಡಿಯ ಮುಂದೆ ನಿಂತಾಗ, ನನ್ನೊಳಗಿನ ಮೇಷ್ಟ್ರು ಎದ್ದುಬಿಟ್ಟರು. ಜಕಣಾಚಾರಿಯ ಕಥೆ ಶುರುಮಾಡಿದೆ. ಮಹಾಶಿಲ್ಪಿ ಜಕಣ ಮೂರ್ತಿಯನ್ನು ಕಡೆದುದು, ಊರೂರು ಅಲೆದು ಬಂದ ಹುಡುಗ ಡಂಕಣ ಅದರ ಕಲ್ಲಿನಲ್ಲಿ ದೋಷವಿದೆಯೆಂದುದು, ದೋಷವಿದ್ದರೆ ಬಲಗೈ ಕಡಿದುಕೊಳ್ಳುತ್ತೇನೆಂದು ಜಕಣ ಪಣತೊಟ್ಟುದು, ಮೈಗೆಲ್ಲ ಬಳಿದ ಗಂಧ ಹೊಕ್ಕುಳ ಬಳಿ ಮಾತ್ರ ಒಣಗದೆ ಅಲ್ಲಿಂದ ಕಪ್ಪೆ ಹಾರಿದುದು, ಹುಡುಗ ತನ್ನ ಮಗನೇ ಎಂದು ತಿಳಿದುದು. ಈ ಕಥೆಯನ್ನು ನಾನು ಹೇಳಿದರೆ ಹಿಂದಿನ ಬೆಂಚಿನ ಹುಡುಗರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

ಸೋದರಳಿಯನೂ ಕೇಳಿದ. ಕೇಳಿ, ದೇವಾಲಯದ ಸುತ್ತ ಒಮ್ಮೆ ಕಣ್ಣಾಡಿಸಿ, “ಮಾವ, ಇಷ್ಟನ್ನೂ ಒಬ್ಬನೇ ಮಾಡಿದನಾ? ಮಿಕ್ಕ ಟೀಮಿನಲ್ಲಿ ಯಾರ್‍ಯಾರಿದ್ದರು?” ಎಂದ.

ನಾನು ಸುಮ್ಮನೆ ನಿಂತೆ. ಉತ್ತರ ಗೊತ್ತಿಲ್ಲದೆ ಅಲ್ಲ. ಗೊತ್ತಿದ್ದೂ ಮೂವತ್ತು ವರ್ಷ ಹೇಳಿರಲಿಲ್ಲ ಎಂಬುದಕ್ಕಾಗಿ. ಬೇಲೂರಿನ ಕಲ್ಲುಗಳ ಮೇಲೆ ಅಲ್ಲಿ ಕೆಲಸ ಮಾಡಿದ ರೂವಾರಿಗಳು ತಮ್ಮ ಹೆಸರುಗಳನ್ನು ತಾವೇ ಕೆತ್ತಿದ್ದಾರೆ. ಆ ಹೆಸರುಗಳಲ್ಲಿ ಜಕಣಾಚಾರಿ ಎಂಬುದಿಲ್ಲ. ಕಥೆ ಸೊಗಸಾಗಿದೆ, ಹುಡುಗರು ಇಷ್ಟಪಡುತ್ತಾರೆ ಎಂದು ನಾನು ಒಬ್ಬನ ಕಥೆಯನ್ನೇ ಹೇಳಿ, ಹೆಸರು ಬರೆದಿಟ್ಟವರನ್ನು ಬೆಂಚಿನಲ್ಲಿ ಕೂರಿಸಿದ್ದೆ.

ಅವನನ್ನು ಕರೆದುಕೊಂಡು ಜಗತಿಯ ಮೇಲೆ ಪ್ರದಕ್ಷಿಣೆ ಹೊರಟೆ. ಮದನಿಕೆಯರು ಒಟ್ಟು ನಲವತ್ತೆರಡು. ಸೂರಿನ ಕೆಳಗೆ ಹೊರಗಡೆ ಮೂವತ್ತೆಂಟು, ಒಳಗೆ ನಾಲ್ಕು. ಎಲ್ಲರೂ ತಲೆಯೆತ್ತಿ ಮದನಿಕೆಯ ಮುಖ ನೋಡುತ್ತಾರೆ, ಕನ್ನಡಿ ನೋಡುತ್ತಾರೆ, ಗಿಳಿ ನೋಡುತ್ತಾರೆ. ಕಾಲ ಕೆಳಗಿನ ಪೀಠವನ್ನು ನೋಡುವವರು ಕಡಿಮೆ. ಅಲ್ಲಿ ಸಣ್ಣ ಹಳಗನ್ನಡ ಅಕ್ಷರಗಳಲ್ಲಿ ಹೆಸರುಗಳಿವೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದಗಿನ ನಾಗೋಜ, ಮಲ್ಲೋಜ, ಮಲ್ಲಿಯಣ್ಣ, ಚಿಕ್ಕಹಂಪ. ಅಪ್ಪನೂ ಮಗನೂ ಒಂದೇ ಗುಡಿಯಲ್ಲಿ ದುಡಿದ ಸಂಗತಿ ಕಥೆಯಲ್ಲಿದೆಯಲ್ಲವೆ? ಅದು ಕಲ್ಲಿನಲ್ಲೂ ಇದೆ. ಹೆಸರು ಮಾತ್ರ ಬೇರೆ. ಕಲ್ಲಿನ ಅಪ್ಪ ಮಗನಿಗೆ ಸೋತು ಕೈ ಕಡಿದುಕೊಂಡವನಲ್ಲ; ಇಬ್ಬರೂ ಒಂದೇ ಸೂರಿನಡಿ ತಮ್ಮ ತಮ್ಮ ಮದನಿಕೆಯರಿಗೆ ಸಹಿ ಹಾಕಿದವರು.

ಈ ಸಹಿಗಳನ್ನು ಹುಡುಕಿ ಓದಿ ಪಟ್ಟಿಮಾಡಿದವರಲ್ಲಿ ಮುಖ್ಯರು, ಮೈಸೂರು ಸಂಸ್ಥಾನದ ಪ್ರಾಚ್ಯಸಂಶೋಧನ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ಯರು. ಕರ್ಣಾಟಕ ಕವಿಚರಿತೆಯಲ್ಲಿ ಕವಿಗಳ ಪಟ್ಟಿ ಬರೆದ ಅದೇ ಕೈ, ಸೋಮನಾಥಪುರದ ಮೇಲೆ 1917ರಲ್ಲೂ ಬೇಲೂರಿನ ಮೇಲೆ 1919ರಲ್ಲೂ ಪ್ರಕಟವಾದ ಪುಸ್ತಕಗಳಲ್ಲಿ ಕಲ್ಲುಕುಟಿಗರ ಪಟ್ಟಿಯನ್ನೂ ಬರೆಯಿತು. ಪಂಪನಿಗೂ ರನ್ನನಿಗೂ ಸಲ್ಲಬೇಕಾದಂತೆ ದಾಸೋಜನಿಗೂ ಒಂದು ಸಾಲು ಸಲ್ಲಬೇಕೆಂದು ಅವರಿಗೆ ಅನ್ನಿಸಿದ್ದು ಸಣ್ಣ ವಿಷಯವಲ್ಲ.

ಇನ್ನು ಈ ಪಟ್ಟಿಯನ್ನು ಯಜಮಾನನ ಕಣ್ಣಿನಿಂದ ನೋಡೋಣ. ವಿಷ್ಣುವರ್ಧನ 1116ರಲ್ಲಿ ತಲಕಾಡಿನಲ್ಲಿ ಚೋಳರನ್ನು ಗೆದ್ದ. 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದ. ಆಗ ಹೊಯ್ಸಳರು ಹೆಸರಿಗೆ ಕಲ್ಯಾಣದ ಚಾಲುಕ್ಯರ ಸಾಮಂತರು. ಬಳ್ಳಿಗಾವೆ, ಗದಗುಗಳು ಚಾಲುಕ್ಯರ ನಾಡಿನ ಊರುಗಳು. ಗುಡಿಗಳಿಗೂ ಮಠಗಳಿಗೂ ಹೆಸರಾದವು. ಬಳ್ಳಿಗಾವೆಯಿಂದ ಬೇಲೂರಿಗೆ ಇಂದಿನ ರಸ್ತೆಯಲ್ಲೇ ಇನ್ನೂರು ಕಿಲೋಮೀಟರಿನ ಆಸುಪಾಸು. ಗದಗ ಇನ್ನೂ ದೂರ. ಉಳಿ ಸುತ್ತಿಗೆಗಳನ್ನು ಕಟ್ಟಿಕೊಂಡು, ಮಗನನ್ನೂ ಕರೆದುಕೊಂಡು ದಾಸೋಜ ಈ ದೂರವನ್ನು ನಡೆದನೋ ಬಂಡಿಯಲ್ಲಿ ಬಂದನೋ, ಅಂತೂ ಬಂದ. ಸಾಮಂತನಾದವನು ಒಡೆಯನ ನಾಡಿನಿಂದಲೇ ಒಳ್ಳೆಯ ಕೈಗಳನ್ನು ಬರಮಾಡಿಕೊಂಡು ಒಡೆಯನಿಗೆ ಸರಿಮಿಗಿಲಾದ ಗುಡಿಯನ್ನು ಎಬ್ಬಿಸಿದ. ಅಮೆರಿಕದ ನಿಯಮವನ್ನು ನೆನೆಯಿರಿ: ರೂವಾರಿಯೊಬ್ಬ ಏಕಕಾಲದಲ್ಲಿ ಎರಡು ಯಜಮಾನರ ಬಳಿ ಇರಲಾರ. ಚಾವಣ ಬೇಲೂರಿನ ಸೂರಿನ ಕೆಳಗೆ ನಿಂತಷ್ಟು ದಿನ ಬಳ್ಳಿಗಾವೆಯಲ್ಲಿ ಅವನ ಉಳಿಯ ಸದ್ದಿಲ್ಲ.

ಬಂದವರು ಹೊಂದಿಕೊಂಡುದಕ್ಕೂ ಕಾರಣವಿದೆ. ನಾಡು ಬೇರೆಯಾದರೂ ಕಲ್ಲು ಪರಿಚಯದ್ದೇ. ಹಳೆಯ ಚಾಲುಕ್ಯರ ಮರಳುಗಲ್ಲನ್ನು ಬಿಟ್ಟು ಲಕ್ಕುಂಡಿ, ಬಳ್ಳಿಗಾವೆಯ ಕಾಲಕ್ಕೆ ಶಿಲ್ಪಿಗಳು ಬಳಪದ ಕಲ್ಲಿಗೆ ಬಂದಿದ್ದರು. ಹೊಯ್ಸಳರ ಕಲ್ಲೂ ಅದೇ. ಗಣಿಯಿಂದ ತೆಗೆದಾಗ ಮೆದು, ಉಳಿ ಹೇಳಿದಂತೆ ಕೇಳುತ್ತದೆ. ಗಾಳಿಗೆ ಒಡ್ಡಿದ ಮೇಲೆ ಬಿರುಸಾಗುತ್ತದೆ. ಮದನಿಕೆಯ ಬಳೆ ಅಲುಗುವಷ್ಟು ನಾಜೂಕಿನ ಕೆಲಸ ಇದರಿಂದ ಸಾಧ್ಯವಾಯಿತು. ದುಬಾರಿ ಆಟಗಾರನನ್ನು ತಂದರೆ ಸಾಲದು, ಅವನಿಗೆ ಒಗ್ಗುವ ನೆಲ ಇದೆಯೇ ನೋಡಬೇಕೆಂದು ಸೋದರಳಿಯ ನನಗೆ ಆಗಸ್ಟಿನಿಂದ ಹೇಳುತ್ತಲೇ ಇದ್ದ.

ಈ ಜನ ಸೌಮ್ಯರೆಂದು ತಿಳಿಯಬೇಡಿ. ಅವರ ಸಹಿಗಳ ಜೊತೆ ಬಿರುದುಗಳೂ ಇವೆ. ಎದುರಾಳಿ ರೂವಾರಿಗಳು ಬೆಟ್ಟವಾದರೆ ತಾನು ಅದನ್ನು ಸೀಳುವ ವಜ್ರದಂಡ ಎಂಬ ಭಾವದ ಬಿರುದುಗಳು. ಒಂದೇ ಗೋಡೆಯ ಮೇಲೆ ಕೆಲಸ ಮಾಡುವವರು ಒಬ್ಬರಿಗೊಬ್ಬರು ಹೀಗೆ ಸವಾಲು ಹಾಕಿಕೊಂಡಿದ್ದಾರೆ. ‘ಓಜ’ ಎಂಬುದು ಉಪಾಧ್ಯಾಯ ಶಬ್ದದ ತದ್ಭವ. ದಾಸೋಜ, ನಾಗೋಜ, ಮಲ್ಲೋಜರೆಲ್ಲ ಒಂದರ್ಥದಲ್ಲಿ ಮೇಷ್ಟ್ರುಗಳೇ. ಮೇಷ್ಟ್ರುಗಳ ನಡುವೆ ಸ್ಪರ್ಧೆ ಎಷ್ಟಿರುತ್ತದೆಂಬುದನ್ನು ನಾನು ಸ್ಟಾಫ್ ರೂಮಿನಲ್ಲಿ ಕಂಡವನು. ಆದರೂ ಗುಡಿ ಒಂದಾಗಿ ಎದ್ದಿತು. ತಂಡವನ್ನು ನಡೆಸುವ ಕೆಲಸವೆಂದರೆ ಇದೇ ಇರಬೇಕು: ಸ್ಪರ್ಧೆಯನ್ನು ಆರಿಸದೆ, ಗೋಡೆಯನ್ನು ಕೆಡವಿಸದೆ ಇರುವುದು.

ಮಧ್ಯಾಹ್ನದ ಊಟ ಮುಗಿಸಿ ಹದಿನಾರು ಕಿಲೋಮೀಟರು ಹಿಂದಕ್ಕೆ ಹಳೇಬೀಡಿಗೆ ಬಂದೆವು. ಇದು ದೋರಸಮುದ್ರ, ಹೊಯ್ಸಳರ ರಾಜಧಾನಿ. 1311ರಲ್ಲಿ ಮಲಿಕ್ ಕಾಫರನ ದಾಳಿಗೆ ಸಿಕ್ಕಿದ ಊರು. ಹೊಯ್ಸಳೇಶ್ವರ ದೇವಾಲಯದ ಕೆಲಸವನ್ನು 1121ರ ಸುಮಾರಿಗೆ ಆರಂಭಿಸಿದವನು ಕೇತಮಲ್ಲನೆಂಬ ಅಧಿಕಾರಿ. ವಿಷ್ಣುವರ್ಧನನ ಮಗ ಒಂದನೆಯ ನರಸಿಂಹನ ಕಾಲದಲ್ಲಿ ಮುಖ್ಯ ಸ್ಥಪತಿಯಾಗಿದ್ದವನು ಕೇದಾರೋಜ. ಗೋಡೆಗಳಲ್ಲಿ ಕಾಳಿದಾಸಿ, ಮಣಿಬಲಕಿ, ರೇವೋಜ, ಬೋಚಣ, ಕೇತಣ ಮೊದಲಾದ ಹೆಸರುಗಳು. ಬೇಲೂರಿಗೂ ಇದಕ್ಕೂ ನಡುವೆ ಹೋದದ್ದು ಒಂದು ಗಾವುದ ದಾರಿ, ಕೆಲವೇ ವರ್ಷ. ಪಟ್ಟಿಯಲ್ಲಿ ಮಾತ್ರ ಹೊಸ ಹೆಸರುಗಳು ಕಣಕ್ಕಿಳಿದಿವೆ. ದೊಡ್ಡ ನಂದಿಯ ನೆರಳಿನಲ್ಲಿ ಕುಳಿತು ಸೋದರಳಿಯ ಗಡಿಯಾರ ನೋಡಿದ. “ಮಾವ, ನಾಲ್ಕು ಗಂಟೆ. ಇವತ್ತಾದರೂ ಒಬ್ಬ ದೊಡ್ಡವನನ್ನು ಬಿಡುತ್ತೀರಾ?” ಬಿಟ್ಟೆ. ಹಾಲಂಡನನ್ನಲ್ಲ, ಅಷ್ಟು ಧೈರ್ಯ ಬರಲಿಲ್ಲ. ಅವನ ಪಕ್ಕದವನನ್ನು ಬಿಟ್ಟು, ಉಳಿದ ದುಡ್ಡಿನಲ್ಲಿ ನಿತ್ಯವೂ ಆಡುವ ಇಬ್ಬರನ್ನು ತಂದುಕೊಂಡೆ.

ಅರಸೀಕೆರೆಗೆ ಹಿಂದಿರುಗುವ ದಾರಿಯಲ್ಲಿ ಜಾವಗಲ್ಲು. ವೇಗದ ಬೌಲರ್ ಶ್ರೀನಾಥರ ಹೆಸರಿನ ಹಿಂದಿರುವ ಊರು ಇದೇ. ಇಲ್ಲಿಯ ಲಕ್ಷ್ಮೀನರಸಿಂಹನ ಗುಡಿಯಲ್ಲಿ ಇನ್ನೊಬ್ಬ ದೊಡ್ಡ ರೂವಾರಿಯ ಸಹಿಯಿದೆ: ಮಲ್ಲಿತಮ್ಮ. ಹದಿಮೂರನೆಯ ಶತಮಾನದ ಗುಡಿ ಗುಡಿಗಳಲ್ಲಿ ಈ ಹೆಸರು ಎದುರಾಗುತ್ತದೆ. ಕೆಲವೆಡೆ ಬರಿಯ ‘ಮಲ್ಲಿ’, ಕೆಲವೆಡೆ ‘ಮ’ ಎಂಬ ಒಂದೇ ಅಕ್ಷರ. ಒಂದಕ್ಷರ ಬರೆದರೂ ಜನ ಗುರುತಿಸುವರೆಂಬ ನಂಬಿಕೆ ಎಂಥ ಕೀರ್ತಿವಂತನಿಗೆ ಇದ್ದೀತು!

ಮುಂದಿನ ತಿಂಗಳು ನಾನೊಬ್ಬನೇ ನುಗ್ಗೇಹಳ್ಳಿಗೆ ಹೋದೆ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಅಲ್ಲಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸುವಾಗ ಗೋಡೆಯ ಕೆಲಸ ಇಬ್ಬರ ಪಾಲಾಯಿತು. ದಕ್ಷಿಣದ ಪಕ್ಕ ಬೈಚೋಜನದು, ಉತ್ತರದ ಪಕ್ಕ ಮಲ್ಲಿತಮ್ಮನದು. ಒಂದು ಸುತ್ತು ಬಂದರೆ ಸಾಕು, ಎರಡು ಕೈಗಳ ಅಂಕವನ್ನು ನೀವೇ ಕೊಡಬಹುದು. ಇಪ್ಪತ್ತೆರಡು ವರ್ಷದ ಅನಂತರ, 1268ರ ಸೋಮನಾಥಪುರದಲ್ಲೂ ಅದೇ ಹೆಸರು. ಅಲ್ಲಿಯ ಗೋಡೆಯ ದೊಡ್ಡ ವಿಗ್ರಹಗಳು 194. ಅವುಗಳಲ್ಲಿ ಮಲ್ಲಿತಮ್ಮನ ಹೆಸರಿರುವುದು ನಲವತ್ತರಲ್ಲಿ. ಇಡೀ ಹೊಯ್ಸಳ ನಾಡಿನ ಮೊದಲಿಗನ ಪಾಲು ಹೆಚ್ಚುಕಡಿಮೆ ಐದರಲ್ಲೊಂದು. ಉಳಿದ ಕಡೆ ಬಾಲೆಯ, ಚೌಡೆಯ, ಬಾಮಯ, ಮಸಣಿತಮ್ಮ, ನಂಜಯ ಮುಂತಾದವರಿದ್ದಾರೆ, ಹೆಸರು ಬರೆಯದವರಿದ್ದಾರೆ. ಬೆಂಚಿನವರು ಬಲವಾಗಿರದಿದ್ದರೆ ಆ ಗೋಡೆ ಸೊಂಟದ ಮಟ್ಟಕ್ಕೇ ನಿಲ್ಲುತ್ತಿತ್ತು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದೂ ಒಂದು ಪಟ್ಟಿಯೇ. ಅದರಲ್ಲಿ ಊರಿನ ಹೆಸರಿದೆ, ರಾಜವಂಶದ ಹೆಸರಿದೆ. ನನ್ನ ಫೋನಿನ ಅಂಕಪಟ್ಟಿಯಲ್ಲೂ ಎಂಟು ಯಜಮಾನರ ಹೆಸರು ಮಾತ್ರ. ಅಲ್ಲಿ ಮಳೆಯಲ್ಲಿ ಓಡಿ ಗೋಲು ಹೊಡೆದವನಿಗೆ, ಬಸವನಗುಡಿಯ ಮುದುಕನೊಬ್ಬ ತನ್ನನ್ನು ಕೊಂಡುದೂ ತಿಳಿಯದು, ಮಾರಿದುದೂ ತಿಳಿಯದು. ಇತಿಹಾಸದ ಪಾಠವನ್ನೂ ನಾನು ಹೀಗೆಯೇ ನಡೆಸಿದ್ದೆ: ಕಟ್ಟಿಸಿದವನಿಗೆ ಎರಡು ಪುಟ, ಕಥೆಯ ಒಬ್ಬನಿಗೆ ಒಂದು ಪುಟ, ಕಟ್ಟಿದವರಿಗೆ ಏನೂ ಇಲ್ಲ. ಜಕಣಾಚಾರಿಯ ಹೆಸರಿನಲ್ಲಿ ಸರ್ಕಾರ ಶಿಲ್ಪಿಗಳಿಗೆ ಪ್ರಶಸ್ತಿ ಕೊಡುತ್ತದೆ; ಅದಕ್ಕೆ ನನ್ನ ತಕರಾರಿಲ್ಲ. ಜನ ಪ್ರೀತಿಯಿಂದ ಹೇಳಿಕೊಂಡು ಬಂದ ಕಥೆಗೆ ಅದರದೇ ಬೆಲೆಯುಂಟು. ಆದರೆ ಪಾಠದ ಮೇಷ್ಟ್ರು ಕಥೆಯ ಪಕ್ಕದಲ್ಲಿ ಪಟ್ಟಿಯನ್ನೂ ಓದಬೇಕಾಗಿತ್ತು. ಅದು ಮುಚ್ಚಿಟ್ಟ ತಾಳೆಗರಿಯಲ್ಲಿ ಇರಲಿಲ್ಲ. ಮದನಿಕೆಯ ಕಾಲ ಬಳಿ ಒಂಬೈನೂರು ವರ್ಷದಿಂದ ತೆರೆದೇ ಇತ್ತು.

ಋತು ಮುಗಿಯುವ ಹೊತ್ತಿಗೆ ನಮ್ಮ ಮನೆ ಎಂಟರಿಂದ ಐದಕ್ಕೆ ಏರಿತು. ಅದಕ್ಕಿಂತ ಹೆಚ್ಚಾಗಿ, ಒಂದು ಸಂಜೆ ಹಾಳೆಯೊಂದರ ಮೇಲೆ ನನ್ನ ಹನ್ನೊಂದು ಮಂದಿಯನ್ನು ಬರೆದು ಸೋದರಳಿಯನ ಕೈಗೆ ಕೊಟ್ಟೆ. ದಾಸೋಜ, ಚಾವಣ, ನಾಗೋಜ, ಮಲ್ಲೋಜ, ಮಲ್ಲಿಯಣ್ಣ, ಚಿಕ್ಕಹಂಪ, ಕೇದಾರೋಜ, ಕಾಳಿದಾಸಿ, ಮಣಿಬಲಕಿ, ಬೈಚೋಜ, ಮಲ್ಲಿತಮ್ಮ.

ಅವನು ಬೆರಳಿಟ್ಟು ಎಣಿಸಿದ. “ಮಾವ, ಇದು ನಡೆಯಲ್ಲ. ಬೇಲೂರಿನವರೇ ಆರು ಜನ ಇದ್ದಾರೆ. ಒಂದು ಕ್ಲಬ್ಬಿಗೆ ಮೂವರೇ.”

“ಬೇಲೂರು ಮೈದಾನ ಕಣಯ್ಯ, ಕ್ಲಬ್ಬಲ್ಲ,” ಎಂದೆ. “ಬಳ್ಳಿಗಾವೆಯವರು ಇಬ್ಬರು, ಗದಗಿನವನು ಒಬ್ಬ. ಸರಿಯಾಗಿ ಓದು.”

ಅವನು ನಕ್ಕು ಒಪ್ಪಿಕೊಂಡ. ಆಮೇಲೆ ಹಾಳೆಯನ್ನು ತಿರುಗಿಸಿ ನೋಡಿ, ಕ್ಯಾಪ್ಟನ್ ಯಾರೆಂದು ಬರೆದಿಲ್ಲವಲ್ಲ ಎಂದ. ನಾನು ಪೆನ್ನು ತೆಗೆದುಕೊಂಡೆ, ದಾಸೋಜನ ಮೇಲೆ ಒಂದು ಗಳಿಗೆ ಹಿಡಿದೆ, ಮಲ್ಲಿತಮ್ಮನ ಮೇಲೆ ಒಂದು ಗಳಿಗೆ ಹಿಡಿದೆ. ಕೊನೆಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡೆ. ಆ ಜಾಗ ಇನ್ನೂ ಹಾಗೆಯೇ ಇದೆ.